ಇರುವುದು ಒಂದೇ ರಸ್ತೆ

ಸಾಯನ್-ಪನ್ವೇಲ್ ಹೆದ್ದಾರಿಯಲ್ಲಿ ನವಿ ಮುಂಬಯಿ ನೆರೂಳದ ಎಲ್.ಪಿ. ಸ್ಟಾಪಿಗೆ ಸಂಜೆ ಹೊತ್ತು ಬಂದು ನೋಡಿ. ಊರ ಕಡೆಯ ಬಸ್ಸಿಗೆ ಕಾಯುತ್ತ ನಿಂತ ಕನ್ನಡಿಗರು ಸಿಕ್ಕೇ ಸಿಗುತ್ತಾರೆ. ಹೋಟೆಲಿನವರು, ಬ್ಯಾಂಕಿನವರು, ಮಗಳ ಬಾಣಂತನ ಮುಗಿಸಿ ಹೊರಟ ತಾಯಂದಿರು. ಮಳೆಗಾಲದಲ್ಲಿ ಬಸ್ಸಿನ ಬಾಗಿಲು ತೆರೆದ ಕೂಡಲೇ ಕ್ಲೀನರ್ ಹುಡುಗನಿಗೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಟಿಕೆಟಿನದಲ್ಲ, ಸೀಟಿನದಲ್ಲ. "ಅರಬೈಲ್ ಘಟ್ಟ ಚಾಲೂ ಇದೆಯೇನಪ್ಪಾ?"

ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟುವವರೆಗೆ ಯಾರಿಗೂ ಚಿಂತೆಯಿಲ್ಲ. ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಆ ಒಂದು ಘಟ್ಟದ ಮೇಲೆ ಎಲ್ಲರ ಪ್ರಯಾಣ ನಿಂತಿರುತ್ತದೆ. 2021ರ ಜುಲೈ ಮಳೆಗೆ ಅಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತು. ನನ್ನ ಊರು ಅಂಕೋಲಾ ತಾಲೂಕಿನಲ್ಲಿ ಗಂಗಾವಳಿ ನದಿಯ ದಂಡೆ. ಹಾಗಾಗಿ ಆ ಪ್ರಶ್ನೆ ಕೇಳುವವರ ಗುಂಪಿನಲ್ಲಿ ನಾನೂ ಇರುತ್ತೇನೆ. ಆದರೆ ನನಗೆ ಆ ಪ್ರಶ್ನೆಯ ಇನ್ನೊಂದು ಬದಿಯೂ ಗೊತ್ತು. ಮೂವತ್ತನಾಲ್ಕು ವರ್ಷ ನಾನು ರಸ್ತೆ ಕೆಲಸದಲ್ಲಿದ್ದೆ. ಸೈಟ್ ಸೂಪರ್‌ವೈಸರ್ ಆಗಿ ಸೇರಿ, ಗುತ್ತಿಗೆದಾರರ ಕೆಲಸವನ್ನು ಪರಿಶೀಲಿಸುವ ಇಂಜಿನಿಯರ್ ಆಗಿ ನಿವೃತ್ತನಾದೆ. ಅದರಲ್ಲಿ ಹೆಚ್ಚಿನ ವರ್ಷ ಕಳೆದದ್ದು ಸಹ್ಯಾದ್ರಿಯ ಘಟ್ಟಗಳಲ್ಲಿ, ತಗಡಿನ ಶೆಡ್ಡುಗಳಲ್ಲಿ.

ನೆರೂಳದ ನಮ್ಮ ಹೌಸಿಂಗ್ ಸೊಸೈಟಿಯ ಗೆಳೆಯರು ಆಗಾಗ ಕೇಳುತ್ತಾರೆ: ಪನ್ವೇಲ್‌ನಿಂದ ಇಂದಾಪುರದವರೆಗಿನ 84 ಕಿಲೋಮೀಟರ್ ಅಗಲೀಕರಣ 2011ರಲ್ಲೇ ಶುರುವಾಯಿತಲ್ಲ, ಮುಂಬಯಿ-ಗೋವಾ ರಸ್ತೆಗೆ ಹತ್ತು ವರ್ಷ ಮೀರಿ ಯಾಕೆ ಬೇಕಾಯಿತು? ಇಲ್ಲೇ ಹತ್ತಿರದ ಕರ್ನಾಳಾ ಪಕ್ಷಿಧಾಮದ ಅರಣ್ಯ ಅನುಮತಿ, ಭೂಸ್ವಾಧೀನ, ಗುತ್ತಿಗೆದಾರನ ಹಣದ ಮುಗ್ಗಟ್ಟು ಎಂದು ಕಾರಣಗಳನ್ನು ಹೇಳುತ್ತೇನೆ. ಅವರು ತಲೆಯಾಡಿಸುತ್ತಾರೆ. ಅವರು ಕೇಳದೇ ಉಳಿಸುವ ಪ್ರಶ್ನೆಯೊಂದು ನನ್ನನ್ನು ಕಾಡುತ್ತದೆ. ಆ ಹತ್ತು ಹನ್ನೆರಡು ವರ್ಷ ಅದೇ ರಸ್ತೆಯಲ್ಲಿ, ಅಗೆದ ಹೊಂಡಗಳ ಪಕ್ಕದಲ್ಲಿ, ಅರ್ಧ ಕಟ್ಟಿದ ಮೋರಿಗಳನ್ನು ಬಳಸಿಕೊಂಡು ಓಡಾಡಿದವರ ಜೀವ ಯಾರ ಜವಾಬ್ದಾರಿ?

ನಗರದಲ್ಲಿ ಈ ಪ್ರಶ್ನೆ ಅಷ್ಟು ಚುಚ್ಚುವುದಿಲ್ಲ. ನೆರೂಳದ ಪಾಮ್ ಬೀಚ್ ರಸ್ತೆಯಲ್ಲಿ ಒಂದು ಬದಿ ಡಾಂಬರು ಹಾಕಲು ನಿಲ್ಲಿಸಿದರೆ ಹೆದ್ದಾರಿಯಿದೆ, ಒಳಗಿನ ಸೆಕ್ಟರ್ ರಸ್ತೆಗಳಿವೆ, ಏನೂ ಇಲ್ಲವೆಂದರೆ ಹಾರ್ಬರ್ ಲೈನಿನ ಲೋಕಲ್ ಇದೆ. ಘಟ್ಟದ ಸೀಮೆಯಲ್ಲಿ ಇರುವುದು ಒಂದೇ ರಸ್ತೆ. ಅದೇ ಆಸ್ಪತ್ರೆಗೆ ಹೋಗುವ ದಾರಿ, ಅದೇ ಅಡಿಕೆ ಸಾಗಿಸುವ ದಾರಿ, ಅದರಲ್ಲೇ ಶಾಲೆಯ ಬಸ್ಸು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ತಲೆಗೆ ಪೆಟ್ಟು ಬಿದ್ದರೆ ಮಣಿಪಾಲಕ್ಕೋ, ಮಂಗಳೂರಿಗೋ, ಹುಬ್ಬಳ್ಳಿಗೋ, ಗೋವಾಕ್ಕೋ ಓಡಬೇಕು. ಅಂಥ ಕಡೆ ಮೂರು ತಿಂಗಳು ರಸ್ತೆ ಮುಚ್ಚುತ್ತೇವೆ ಎಂದು ಆದೇಶ ಹೊರಡಿಸುವುದೆಂದರೆ ಮೂರು ತಿಂಗಳು ಆಸ್ಪತ್ರೆಯನ್ನೇ ದೂರ ಸರಿಸಿದ ಹಾಗೆ.

ಕುಮಟಾ-ಶಿರಸಿ ರಸ್ತೆಯ ದೇವಿಮನೆ ಘಟ್ಟದ ವಿಷಯದಲ್ಲಿ ಇದನ್ನು ಹತ್ತಿರದಿಂದ ನೋಡಿದೆ. ಘಟ್ಟದಲ್ಲಿ ಕೆಲಸ ಮಾಡಲು ಸಂಚಾರ ನಿಲ್ಲಿಸಬೇಕೆಂಬ ಮಾತು ಎದ್ದಾಗಲೆಲ್ಲ ಜನ ವಿರೋಧಿಸಿದರು. ಕೊನೆಗೆ 2024ರ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬಂದ್ ಮಾಡಿದರು. ಇಂಜಿನಿಯರನಾಗಿ ನಾನು ಆ ತಿಂಗಳುಗಳ ಆಯ್ಕೆಯನ್ನು ಒಪ್ಪುತ್ತೇನೆ. ಕರಾವಳಿ ಘಟ್ಟದಲ್ಲಿ ಕೆಲಸದ ಹಂಗಾಮು ಅಕ್ಟೋಬರ್ ಕೊನೆಯಿಂದ ಮೇ ನಡುವಿನವರೆಗೆ, ಅಷ್ಟೇ. ಆ ಆರೂವರೆ ತಿಂಗಳಲ್ಲಿ ಹಬ್ಬ, ಮದುವೆ, ಕೂಲಿಯವರು ಊರಿಗೆ ಹೋಗುವ ದಿನ ಕಳೆದರೆ ಐದೂವರೆ ತಿಂಗಳು ಉಳಿಯುತ್ತದೆ. ಶಿರಾಡಿ ಘಟ್ಟಕ್ಕೆ ಕಾಂಕ್ರೀಟ್ ಹಾಕುವಾಗಲೂ 2015ರಲ್ಲಿ ಒಂದು ಸಲ, 2018ರಲ್ಲಿ ಇನ್ನೊಂದು ಸಲ ತಿಂಗಳುಗಟ್ಟಲೆ ಮುಚ್ಚಲೇಬೇಕಾಯಿತು. ಕಾಂಕ್ರೀಟ್ ಹಾಕಿದ ಮೇಲೆ ಅದು ಗಟ್ಟಿಯಾಗುವವರೆಗೆ ಅದರ ಮೇಲೆ ಲಾರಿ ಬಿಡುವ ಹಾಗಿಲ್ಲ, ಇಕ್ಕಟ್ಟಾದ ಘಟ್ಟದಲ್ಲಿ ಪಕ್ಕದಲ್ಲಿ ದಾರಿ ಮಾಡಿಕೊಡಲು ಜಾಗವೂ ಇಲ್ಲ.

ಆದರೆ ಮುಚ್ಚುವ ಮೊದಲು ಬದಲಿ ರಸ್ತೆಯನ್ನು ಸಿದ್ಧ ಮಾಡಬೇಕು. ಇದು ಹೇಳಲು ಸುಲಭ. ಹೆದ್ದಾರಿಯ ಲಾರಿಗಳೆಲ್ಲ ಒಮ್ಮೆಲೇ ಕಿರಿದಾದ ಊರ ರಸ್ತೆಗೆ ನುಗ್ಗಿದರೆ ಅಲ್ಲಿಯ ಸೇತುವೆ ತಡೆಯುತ್ತದೆಯೇ, ತಿರುವುಗಳಲ್ಲಿ ಎರಡು ಬಸ್ಸು ದಾಟುತ್ತವೆಯೇ, ಶಾಲೆ ಬಿಡುವ ಹೊತ್ತಿಗೆ ಅಲ್ಲಿ ಯಾರು ನಿಲ್ಲುತ್ತಾರೆ? ಯೋಜನೆಯ ಹಣದಲ್ಲಿ ಆ ಬದಲಿ ರಸ್ತೆಗೆ ಪಾಲೇ ಇರುವುದಿಲ್ಲ, ಏಕೆಂದರೆ ಅದು ಬೇರೆ ಇಲಾಖೆಯದು. ಇನ್ನೊಂದು ಅಪಾಯವೂ ಇದೆ. 2018ರ ಆಗಸ್ಟ್‌ನಲ್ಲಿ ಶಿರಾಡಿ ಕುಸಿಯಿತು. ಅದೇ ಮಳೆಗೆ ಮಡಿಕೇರಿ-ಸಂಪಾಜೆ ರಸ್ತೆಯೂ ಕೊಚ್ಚಿಹೋಯಿತು. ಮರುವರ್ಷ ಚಾರ್ಮಾಡಿಯ ಸರದಿ. ಬದಲಿ ಎಂದು ನಂಬಿದ ರಸ್ತೆಯ ಮೇಲೂ ಅದೇ ಮೋಡ ಸುರಿಯುತ್ತದೆ ಎಂಬುದನ್ನು ನಕಾಶೆ ಬಿಡಿಸುವವರು ನೆನಪಿಟ್ಟುಕೊಳ್ಳಬೇಕು.

ಈಗ ಗುಡ್ಡದ ಮಾತು. ನಮ್ಮ ಕಡೆ ಮೇಲೆ ಚಿರೇಕಲ್ಲು, ಅದರ ಕೆಳಗೆ ಶೇಡಿ. ಹಬ್ಬಕ್ಕೆ ಅಜ್ಜಿ ಗೋಡೆಯ ಮೇಲೆ ಶೇಡಿ ಎಳೆಯುತ್ತಿದ್ದಳಲ್ಲ, ಅದೇ ಬಿಳಿ ಮಣ್ಣು. ಒಣಗಿದ್ದಾಗ ಗುದ್ದಲಿಗೆ ಗೋಡೆಯ ಹಾಗೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಜೆಸಿಬಿಯವನು ಅದನ್ನು ನೆಟ್ಟಗೆ ಕತ್ತರಿಸಿದರೆ ಮಾವಿನ ಹಣ್ಣು ಹೋಳು ಮಾಡಿದಷ್ಟು ಚೊಕ್ಕ. ಅಂಥ ಧರೆಯನ್ನು ನೋಡಿ, ಇದು ಅಲ್ಲಾಡುವುದಿಲ್ಲ ಎಂದು ಅನುಭವಸ್ಥರೇ ಮೋಸ ಹೋಗುತ್ತಾರೆ. ಮಳೆ ಹಿಡಿದು ಹತ್ತಿಪ್ಪತ್ತು ದಿನವಾದಾಗ ಮೇಲಿನ ಚಿರೇಕಲ್ಲಿನ ತೂತುಗಳಲ್ಲಿ ನೀರು ಇಳಿದು ಶೇಡಿಯ ಪದರಕ್ಕೆ ಮುಟ್ಟುತ್ತದೆ. ಆಗ ಅದೇ ಮಣ್ಣನ್ನು ಅಂಗೈಯಲ್ಲಿ ಹಿಡಿದು ಹಿಸುಕಿ, ಬೆಣ್ಣೆಯ ಹಾಗೆ ಬೆರಳ ಸಂದಿಯಿಂದ ಹೊರಬರುತ್ತದೆ. ಮೇಲಿನ ಕಲ್ಲು, ಮರ, ಮಣ್ಣು ಎಲ್ಲವೂ ಅದರ ಮೇಲೆ ಜಾರುತ್ತದೆ. ಗುಡ್ಡದ ಬುಡ ಗಟ್ಟಿಯಾಗಿದ್ದರೆ ಆ ಭಾರಕ್ಕೆ ಅದು ಒತ್ತಾಗಿ ನಿಲ್ಲುತ್ತಿತ್ತು. ರಸ್ತೆಗಾಗಿ ನಾವು ಕತ್ತರಿಸಿ ತೆಗೆದದ್ದು ಆ ಬುಡವನ್ನೇ.

2024ರ ಜುಲೈ 16ರ ಬೆಳಿಗ್ಗೆ ನಮ್ಮ ತಾಲೂಕಿನ ಶಿರೂರಿನಲ್ಲಿ, 66ನೇ ಹೆದ್ದಾರಿಯ ಪಕ್ಕದ ಗುಡ್ಡ ಇಳಿಯಿತು. ರಸ್ತೆ ಬದಿಯಲ್ಲಿ ಚಹಾ, ತಿಂಡಿ ಮಾರುತ್ತಿದ್ದ ಕುಟುಂಬ ಹೋಯಿತು. ಚಹಾಕ್ಕೆಂದು ನಿಲ್ಲಿಸಿದ್ದ ಲಾರಿಗಳವರು ಹೋದರು. ಗ್ಯಾಸ್ ಟ್ಯಾಂಕರ್ ನದಿಗೆ ಬಿತ್ತು. ಮಣ್ಣು ಬಿದ್ದ ರಭಸಕ್ಕೆ ಗಂಗಾವಳಿಯ ನೀರು ಅಲೆಯಾಗಿ ಎದ್ದು ಆಚೆ ದಂಡೆಯ ಉಳುವರೆಯ ಮನೆಗಳಿಗೆ ಬಡಿಯಿತು. ಕೇರಳದ ಒಬ್ಬ ಲಾರಿ ಚಾಲಕನ ದೇಹ ಲಾರಿಯೊಂದಿಗೆ ನದಿಯ ತಳದಿಂದ ಸಿಕ್ಕಿದ್ದು ಎರಡು ತಿಂಗಳು ದಾಟಿ, ಸೆಪ್ಟೆಂಬರ್ ಕೊನೆಗೆ. ನಾನು ನೆರೂಳದ ಮನೆಯಲ್ಲಿ ಟಿವಿ ಮುಂದೆ ಕೂತು ಆ ಧರೆಯ ಚಿತ್ರ ನೋಡುತ್ತಿದ್ದೆ. ಅದರ ಎತ್ತರ, ಅದರ ಓರೆ, ಮಣ್ಣಿನ ಬಣ್ಣ, ಎಲ್ಲವನ್ನೂ ಬೇರೆ ಬೇರೆ ಸೈಟಿನಲ್ಲಿ ಎಷ್ಟು ಸಲ ಕಂಡಿದ್ದೇನೆಂದು ಲೆಕ್ಕ ಹಾಕಿದೆ. ಆ ರಾತ್ರಿ ಊಟ ಸೇರಲಿಲ್ಲ.

ಇದಕ್ಕೆ ಮದ್ದು ಗೊತ್ತಿಲ್ಲದೆ ಅಲ್ಲ. ಗುಡ್ಡವನ್ನು ಒಂದೇ ಗೋಡೆಯಾಗಿ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಬೇಕು. ಕತ್ತರಿಸುವ ಮೊದಲೇ ಗುಡ್ಡದ ನೆತ್ತಿಯಲ್ಲಿ ಅಗಳು ತೋಡಿ, ಮೇಲಿನಿಂದ ಹರಿದು ಬರುವ ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸಬೇಕು. ಒಳಗೆ ಸೇರಿದ ನೀರು ಹೊರಬರಲು ಧರೆಯೊಳಗೆ ತೂತಿನ ಪೈಪು ತೂರಿಸಬೇಕು. ತಡೆಗೋಡೆ, ಬಲೆ, ಹುಲ್ಲು ಎಲ್ಲ ಆಮೇಲೆ. ನೀರನ್ನು ನಿಭಾಯಿಸದ ಗೋಡೆ ಎಷ್ಟು ದಪ್ಪವಿದ್ದರೂ ಒಂದು ಮಳೆಗಾಲ ನಿಂತು ಎರಡನೆಯದಕ್ಕೆ ಹೊಟ್ಟೆ ಉಬ್ಬಿಸುತ್ತದೆ. ನನ್ನ ಕೈಯಲ್ಲಿ ಅಧಿಕಾರವಿದ್ದ ಕಡೆಯೆಲ್ಲ ಒಂದು ನಿಯಮ ಹಾಕಿಕೊಂಡಿದ್ದೆ: ಏಪ್ರಿಲ್ ಮುಗಿದ ಮೇಲೆ ಹೊಸ ಧರೆಗೆ ಜೆಸಿಬಿ ಮುಟ್ಟಿಸುವ ಹಾಗಿಲ್ಲ. ಕಡಿದ ಹಸಿ ಗಾಯವನ್ನು ಮೊದಲ ಮಳೆಗೆ ಒಡ್ಡುವುದಕ್ಕಿಂತ ಆ ಕೆಲಸ ಅಕ್ಟೋಬರ್‌ಗೆ ಹೋಗಲಿ. ಇದಕ್ಕಾಗಿ ಗುತ್ತಿಗೆದಾರರೊಂದಿಗೆ ಜಗಳವಾಗಿದೆ, ಮೇಲಿನವರಿಂದ ಬೈಸಿಕೊಂಡಿದ್ದೇನೆ. ಮೇ ತಿಂಗಳಲ್ಲಿ ಎಲ್ಲರಿಗೂ ತಿಂಗಳ ಗುರಿ ಮುಟ್ಟಿಸುವ ಅವಸರ. ಕೊಂಕಣದಲ್ಲಿ ಚಿಪಳೂಣದ ಹತ್ತಿರ ಪರಶುರಾಮ ಘಾಟಿನ ಕೆಲಸಕ್ಕೆ 2022ರ ಬೇಸಿಗೆಯಲ್ಲಿ ದಿನಾ ಮಧ್ಯಾಹ್ನ ಕೆಲವು ಗಂಟೆ ಮಾತ್ರ ರಸ್ತೆ ಮುಚ್ಚಿ, ಉಳಿದ ಹೊತ್ತು ಬಿಡುವ ಕ್ರಮ ಮಾಡಿದ್ದರು. ಇಡೀ ರಸ್ತೆಯನ್ನು ಕಿತ್ತುಕೊಳ್ಳದೆ ಜನರಿಗೆ ಇಂತಿಷ್ಟು ಹೊತ್ತು ಎಂದು ಮೊದಲೇ ತಿಳಿಸಿ ಕೆಲಸ ಮಾಡುವುದು ನನಗೆ ಮೆಚ್ಚಿಗೆಯಾದ ಪದ್ಧತಿ. ಬಸ್ಸಿನವನಿಗೂ ಗರ್ಭಿಣಿಗೂ ಗಡಿಯಾರ ನೋಡಿ ಹೊರಡಲು ಬರುತ್ತದೆ.

ಗುಡ್ಡ ಬಿದ್ದರೆ ಪೇಪರಿನಲ್ಲಿ ಬರುತ್ತದೆ. ಪೇಪರಿಗೆ ಬಾರದ ಸಾವು ನೋವುಗಳು ಕೆಲಸ ನಡೆಯುವ ಜಾಗದಲ್ಲಿ, ಕತ್ತಲಲ್ಲಿ, ಒಂದೊಂದಾಗಿ ಆಗುತ್ತವೆ. ಅಂಥದೊಂದನ್ನು ಹೇಳಬೇಕು. ಹೇಳದೆ ಈ ಬರಹ ಬರೆಯಲು ನನಗೆ ಹಕ್ಕಿಲ್ಲ.

ಹದಿನೈದು ವರ್ಷಕ್ಕೂ ಹಿಂದೆ, ಘಟ್ಟದ ಒಂದು ರಸ್ತೆ. ಮೋರಿಯ ಕೆಲಸ ಅರ್ಧರ್ಧವಾಗಿ ನಡೆದಿತ್ತು. ಎಡಬದಿ ಆಳುದ್ದ ಅಗೆದು, ತಳಕ್ಕೆ ಕಾಂಕ್ರೀಟ್ ಹಾಕಿ, ಗೋಡೆಗೆಂದು ಸರಳು ನಿಲ್ಲಿಸಿದ್ದೆವು. ಬಲಬದಿಯಲ್ಲಿ ವಾಹನ ಬಿಡುತ್ತಿದ್ದೆವು. ಹೊಂಡದ ಸುತ್ತ ಕೆಂಪು-ಬಿಳಿ ಬಳಿದ ಡ್ರಮ್ಮುಗಳು, ಅವುಗಳ ಮೇಲೆ ಹೊಳೆಯುವ ಪಟ್ಟಿ, ಒಂದು ಮಿಣುಕು ದೀಪ. ಕಾಗದದ ಮೇಲೆ ಎಲ್ಲವೂ ಇತ್ತು. ಅಂದು ಸಂಜೆ ಅಕಾಲದ ಮಳೆ ಹೊಯ್ದಿತ್ತು. ಟಿಪ್ಪರುಗಳು ಓಡಾಡಿ ಡ್ರಮ್ಮುಗಳ ಪಟ್ಟಿಗೆ ಕೆಸರು ಸಿಡಿದು ಗಟ್ಟಿಯಾಗಿತ್ತು. ದೀಪದ ಬ್ಯಾಟರಿ ಎರಡು ದಿನದ ಹಿಂದೆಯೇ ಸತ್ತಿತ್ತು. ಬದಲಾಯಿಸಲು ಬ್ಯಾಟರಿ ಪೇಟೆಯಿಂದ ಬರಬೇಕಿತ್ತು. ಮದುವೆ ಮುಗಿಸಿ ಬೈಕಿನಲ್ಲಿ ಬರುತ್ತಿದ್ದ ಗಂಡ ಹೆಂಡತಿ ಎದುರಿನ ಲಾರಿಯ ಬೆಳಕಿಗೆ ಕಣ್ಣು ಕುಕ್ಕಿ, ಡ್ರಮ್ಮುಗಳ ನಡುವೆ ನುಗ್ಗಿದರು. ಹೆಂಡತಿ ಮಣ್ಣಿನ ರಾಶಿಯ ಮೇಲೆ ಬಿದ್ದಳು. ಗಂಡ ಹೊಂಡಕ್ಕೆ ಬಿದ್ದ. ಸರಳಿನಿಂದ ಒಂದು ಗೇಣು ಈಚೆ.

ಶೆಡ್ಡಿನ ಬಾಗಿಲು ಕಿತ್ತು ಅದರ ಮೇಲೆ ಅವನನ್ನು ಮಲಗಿಸಿ ಎತ್ತಿದೆವು. ಜೀಪಿನ ಹಿಂದಿನ ಸೀಟು ಮಡಚಿ, ಬಾಗಿಲನ್ನು ಓರೆಯಾಗಿ ಇಟ್ಟು, ನಾನು ಅವನ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಕೂತೆ. ಆಸ್ಪತ್ರೆ ಮುಟ್ಟಲು ಎರಡು ಗಂಟೆಗೂ ಹೆಚ್ಚು ಬೇಕಾಯಿತು, ಏಕೆಂದರೆ ಮುಂದಿನ ದಾರಿಯನ್ನೂ ನಾವೇ ಅಗೆದಿದ್ದೆವು. ಪ್ರತಿ ಹೊಂಡಕ್ಕೂ ಅವನು ನರಳುತ್ತಿದ್ದ. ಸೊಂಟದ ಮೂಳೆ ಮುರಿದಿತ್ತು. ಬದುಕಿದ, ಕುಂಟುತ್ತ. ಅಪಘಾತದ ವರದಿಯಲ್ಲಿ ಕಾರಣದ ಕಾಲಮಿಗೆ ಅಜಾಗರೂಕ ಚಾಲನೆ ಎಂದು ಬರೆಯಲಾಗಿತ್ತು. ಅದರ ಕೆಳಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಆ ಸಹಿಯ ಬಗ್ಗೆ ನನಗೆ ಇಂದಿಗೂ ನಾಚಿಕೆಯಿದೆ.

ಅಲ್ಲಿಂದ ಮುಂದೆ ನಿವೃತ್ತಿಯವರೆಗೆ ನನ್ನ ಜೀಪಿನಲ್ಲಿ ಒಂದು ಬಕೆಟ್ ನೀರು, ಹಳೆ ಪಂಚೆಯ ತುಂಡು ಇರುತ್ತಿತ್ತು. ಸೂರ್ಯ ಮುಳುಗುವ ಮೊದಲು ಸೈಟಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಹೊಳೆಯುವ ಪಟ್ಟಿಗಳನ್ನು ಒರೆಸಿಸುತ್ತಿದ್ದೆ, ಆಳು ಇಲ್ಲದ ದಿನ ನಾನೇ ಒರೆಸುತ್ತಿದ್ದೆ. ಆಮೇಲೆ ಕತ್ತಲಾದ ಮೇಲೆ, ಹೆಡ್‌ಲೈಟಿನಲ್ಲಿ, ಊರಿನ ಬೈಕಿನವನು ಬರುವ ವೇಗದಲ್ಲಿ ಅದೇ ದಾರಿಯಲ್ಲಿ ಮತ್ತೊಮ್ಮೆ ಬರುತ್ತಿದ್ದೆ. ಹಗಲಿನಲ್ಲಿ ಸರಿ ಕಂಡದ್ದು ರಾತ್ರಿ ಸುಳ್ಳು ಹೇಳುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ ಕಾಮಗಾರಿ ಸ್ಥಳದ ಸುರಕ್ಷತೆಗೆಂದೇ ಒಂದು ಕೈಪಿಡಿ ಮಾಡಿದೆ, ಎಸ್‌ಪಿ 55 ಎಂದು ಅದರ ಸಂಖ್ಯೆ. ಅದರ ಸಾರ ಇಷ್ಟು: ಚಾಲಕನಿಗೆ ದೂರದಲ್ಲೇ ಎಚ್ಚರಿಕೆ ಕೊಡು, ನಿಧಾನವಾಗಿ ಓರೆಯಲ್ಲಿ ಪಕ್ಕಕ್ಕೆ ಸರಿಸು, ಕೆಲಸದ ಜಾಗ ಮತ್ತು ವಾಹನದ ನಡುವೆ ಬಿಡುವು ಇಡು, ದಾಟಿದ ಮೇಲೆ ಸರಿದಾರಿಗೆ ಬಿಡು. ಮಾಡಲು ಕಷ್ಟವೇನಿಲ್ಲ. ಆದರೆ ಒಂದು ಕ್ಯೂಬಿಕ್ ಮೀಟರ್ ಜಲ್ಲಿಗೆ ಬಿಲ್ಲು ಸಿಗುತ್ತದೆ, ಒಂದು ಟನ್ ಡಾಂಬರು ಮಿಶ್ರಣಕ್ಕೆ ಸಿಗುತ್ತದೆ. ದೀಪ ಉರಿದ ರಾತ್ರಿಗಳನ್ನು ಎಣಿಸಿ ಯಾರೂ ಬಿಲ್ಲು ಮಾಡಿದ್ದನ್ನು ನಾನು ಕಂಡ ಸೈಟುಗಳಲ್ಲಿ ನೋಡಲಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟ: ಟೆಂಡರಿನಲ್ಲಿ ಸುರಕ್ಷತೆಗೆ ತನ್ನದೇ ಸಾಲು, ತನ್ನದೇ ದರ ಇರಬೇಕು. ದೀಪ ಉರಿಯದ ರಾತ್ರಿಗೆ ಹಣ ಕಡಿತವಾಗಬೇಕು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 198ಎ ಕಲಮಿನಲ್ಲಿ, ವಿನ್ಯಾಸ ಮತ್ತು ನಿರ್ವಹಣೆಯ ಮಾನದಂಡ ಪಾಲಿಸದ ಗುತ್ತಿಗೆದಾರ, ಸಲಹೆಗಾರ, ಅಧಿಕಾರಿಗೆ 1 ಲಕ್ಷ ರೂಪಾಯಿವರೆಗೆ ದಂಡವಿದೆ. ನೂರಾರು ಕೋಟಿಯ ಕಾಮಗಾರಿಗೆ ಆ ಮೊತ್ತ ಏನು ಮಾಡೀತು ಎಂದು ಓದುಗರೇ ಯೋಚಿಸಲಿ.

ಹಣ, ಮನಸ್ಸು ಎರಡೂ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ನೆರೂಳದವರಿಗೆ ಉದಾಹರಣೆ ಹತ್ತಿರದಲ್ಲೇ ಇದೆ. 94.5 ಕಿಲೋಮೀಟರಿನ ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ 2016ರಲ್ಲಿ 151 ಮಂದಿ ಸತ್ತಿದ್ದರು. ಆ ವರ್ಷ ರಸ್ತೆ ಅಭಿವೃದ್ಧಿ ನಿಗಮ, ಹೆದ್ದಾರಿ ಪೊಲೀಸರು, ಸೇವ್‌ಲೈಫ್ ಫೌಂಡೇಶನ್ ಸೇರಿ ಒಂದೊಂದೇ ಅಪಘಾತದ ಜಾಗಕ್ಕೆ ಹೋಗಿ, ಕಾರಣ ಹುಡುಕಿ, ಕಂಬಗಳಿಗೆ ತಡೆಬೇಲಿ, ಅಂಚಿಗೆ ಪಟ್ಟಿ, ನಿಂತ ಲಾರಿಗಳ ತೆರವು, ಆಂಬುಲೆನ್ಸ್ ಹೀಗೆ ಸರಿಪಡಿಸುತ್ತ ಬಂದರು. ಮುಂದಿನ ವರ್ಷಗಳಲ್ಲಿ ಸಾವು ಅರ್ಧಕ್ಕಿಂತ ಕೆಳಗೆ ಇಳಿಯಿತು. ಮಹಾಡದ ಸಾವಿತ್ರಿ ನದಿಯ ಹಳೆ ಸೇತುವೆ 2016ರ ಆಗಸ್ಟ್ 2ರ ರಾತ್ರಿ ಕುಸಿದು ಎಸ್‌ಟಿ ಬಸ್ಸುಗಳು ಕೊಚ್ಚಿಹೋದ ಮೇಲೆ, ಹೊಸ ಸೇತುವೆ 165 ದಿನಗಳಲ್ಲಿ ಎದ್ದು ನಿಂತಿತು. ಅಂದರೆ ನಮಗೆ ಕೈಲಾಗುತ್ತದೆ. ಸತ್ತ ಮೇಲೆ ಆಗುವ ಆ ಕೆಲಸ ಮೊದಲೇ ಆಗಲಿ ಎಂದಷ್ಟೇ ಬೇಡಿಕೆ.

ಆದರೆ ಎಕ್ಸ್‌ಪ್ರೆಸ್‌ವೇಯ ಪಾಠವನ್ನು ಹಾಗೇ ಎತ್ತಿ ಘಟ್ಟಕ್ಕೆ ಇಡಲು ಬರುವುದಿಲ್ಲ. ಸರ್ಕಾರದ ಲೆಕ್ಕದಲ್ಲಿ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಕ್ಕೆ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು ಆದರೆ ಅದು ಬ್ಲಾಕ್ ಸ್ಪಾಟ್. ದಿನಕ್ಕೆ ಸಾವಿರಾರು ವಾಹನ ಓಡುವ ಕಡೆ ಈ ಅಳತೆ ಸರಿ. ನಮ್ಮ ಘಟ್ಟದ ರಸ್ತೆಯಲ್ಲಿ ಈ ವರ್ಷ ಈ ತಿರುವಿನಲ್ಲಿ ಒಬ್ಬ, ಬರುವ ವರ್ಷ ಆ ಮೋರಿಯಲ್ಲಿ ಇನ್ನೊಬ್ಬ. ಎಷ್ಟೋ ಸಲ ಪೆಟ್ಟಾದವನನ್ನು ಮನೆಯವರೇ ರಿಕ್ಷಾದಲ್ಲಿ ಹಾಕಿಕೊಂಡು ಹೋಗುತ್ತಾರೆ, ಠಾಣೆಗೆ ಸುದ್ದಿ ಮುಟ್ಟುವುದೇ ಇಲ್ಲ. ಪಟ್ಟಿಗೆ ಸೇರಲು ಬೇಕಾದಷ್ಟು ಹೆಣ ಒಂದೇ ಕಡೆ ಬೀಳದ ಕಾರಣಕ್ಕೆ ಆ ರಸ್ತೆಗೆ ಹಣ ಬರುವುದಿಲ್ಲ. ಆದ್ದರಿಂದ ದೂರದ ಸೀಮೆಯಲ್ಲಿ ಅಪಘಾತ ಎಣಿಸುವುದಕ್ಕಿಂತ ಅಪಾಯ ಎಣಿಸಬೇಕು. ತಡೆಗೋಡೆಯಿಲ್ಲದ ಪ್ರಪಾತದ ಅಂಚು ಎಷ್ಟು ಮೀಟರ್, ರಸ್ತೆಗಿಂತ ಕಿರಿದಾದ ಮೋರಿ ಎಷ್ಟು, ಮೇಲೆ ಅಗಳಿಲ್ಲದ ಧರೆ ಎಷ್ಟು. ಇದನ್ನು ಊರಿನ ಬಸ್ ಡ್ರೈವರ್, ಹಾಲಿನ ಗಾಡಿಯವನು, ಲೈನ್‌ಮನ್, ಆಶಾ ಕಾರ್ಯಕರ್ತೆ ಈ ನಾಲ್ವರನ್ನು ಕೂರಿಸಿ ಕೇಳಿದರೆ ಅರ್ಧ ದಿನದಲ್ಲಿ ಪಟ್ಟಿ ಸಿಗುತ್ತದೆ. ನಾನು ಕೊನೆಯ ಎರಡು ಸೈಟುಗಳಲ್ಲಿ ಹಾಗೆ ಮಾಡಿದೆ. ಹಾಲಿನ ಗಾಡಿಯವನು ಹೇಳಿದ ಒಂದು ತಿರುವನ್ನು ನಮ್ಮ ಸರ್ವೆಯಲ್ಲಿ ಯಾರೂ ಗುರುತಿಸಿರಲಿಲ್ಲ. ಬೆಳಗಿನ ನಾಲ್ಕೂವರೆಗೆ ಅಲ್ಲಿ ಮಂಜು ಕವಿಯುತ್ತದೆ ಎಂಬುದು ಹತ್ತು ಗಂಟೆಗೆ ಹೋದ ಸರ್ವೆಯವನಿಗೆ ಹೇಗೆ ತಿಳಿಯಬೇಕು?

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಊರಿನಿಂದ ತಂಗಿಯ ಫೋನು. "ಅಣ್ಣಾ, ಮನೆ ಹಿಂದಿನ ಧರೆ ಮೇಲೆ ಬಿರುಕು ಬಿಟ್ಟದೆ. ಯಾರಿಗೆ ಹೇಳ್ಬೇಕು?" ಊರ ರಸ್ತೆ ಅಗಲ ಮಾಡುವಾಗ ಕಡಿದ ಧರೆ ಅದು. ಮೊದಲು ಪಂಚಾಯ್ತಿಗೆ, ತಹಶೀಲ್ದಾರ ಕಚೇರಿಗೆ ತಿಳಿಸು ಎಂದೆ. ಹೆದ್ದಾರಿಯಾಗಿದ್ದರೆ 1033ಕ್ಕೆ ಫೋನು ಮಾಡಿ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಬಹುದಿತ್ತು, ಊರ ರಸ್ತೆಗೆ ಆ ಅನುಕೂಲವಿಲ್ಲ. ಆಮೇಲೆ ಭಾವನನ್ನು ಕರೆಸಿ ಹೇಳಿದೆ. ಬಿರುಕಿಗೆ ಜೇಡಿಮಣ್ಣು ತುಂಬಿ ಮೇಲೆ ತಾಡಪಾಲು ಹೊದಿಸಿ, ನೀರು ಒಳಗೆ ಇಳಿಯಬಾರದು. ಮೇಲ್ಗಡೆ ಅಗಳು ತೋಡಿ ನೀರನ್ನು ಹಳ್ಳಕ್ಕೆ ಬಿಡಿ. ಬಿರುಕಿನ ಈಚೆ ಒಂದು, ಆಚೆ ಒಂದು ಗೂಟ ಹೊಡೆಯಿರಿ, ಎರಡರ ತಲೆಗೂ ಮೊಳೆ ಬಡಿಯಿರಿ. ದಿನಾ ಬೆಳಿಗ್ಗೆ ಮೊಳೆಯಿಂದ ಮೊಳೆಗೆ ಟೇಪು ಹಿಡಿದು ಅಳೆಯಿರಿ. ಒಂದು ಬೆರಳಷ್ಟು ಹೆಚ್ಚಾದರೂ ಸಾಮಾನು ನೋಡಬೇಡಿ, ಅತ್ತೆಯನ್ನು ಕರೆದುಕೊಂಡು ಶಾಲೆಗೆ ಹೋಗಿ.

ಪಂಚಾಯ್ತಿಯವರು ಮೂರನೇ ದಿನ ಬಂದು ನೋಡಿ, ರಸ್ತೆಯಲ್ಲಿ ಲಾರಿ ಹೋಗದಂತೆ ಕಲ್ಲು ಇಟ್ಟರು. ತಂಗಿ ಕ್ಯಾಲೆಂಡರಿನ ತಾರೀಖಿನ ಮನೆಯೊಳಗೆ ಪೆನ್ಸಿಲಿನಲ್ಲಿ ಅಳತೆ ಬರೆಯತೊಡಗಿದಳು. ಆ ಇಡೀ ಶ್ರಾವಣ ಬೆಳಗಿನ ಏಳಕ್ಕೆ ನನ್ನ ಫೋನು ಸದ್ದು ಮಾಡುತ್ತಿತ್ತು. "ನಿನ್ನೆ ನಲವತ್ತಾರು ಸೆಂಟಿಮೀಟರ್, ಇವತ್ತೂ ನಲವತ್ತಾರೇ ಅಣ್ಣಾ. ಮಳೆ ಮಾತ್ರ ಬಿಟ್ಟಿಲ್ಲ."